ಹನ್ನೆರಡು ಭಾನುವಾರ

"ಕೈ ಇನ್ನೂ ಅಗಲಕ್ಕೆ ತಿರುಗಿಸೇ ಸಿದ್ದೇಶ್ವರಿ. ರಾಗಿ ಬೀಸ್ತಿದ್ದೀಯ ಅನ್ನಿಸ್ಬೇಕು. ಇದೇನು, ಪಾತ್ರೆ ತಿಕ್ಕೋ ಹಾಗೆ," ಎಂದರು ಶೈಲಜಾ.

ಅವಳು ಪಾತ್ರೆ ತಿಕ್ಕಿಯೇ ಬಂದಿದ್ದಳು. ಮುಂದಿದ್ದದ್ದು ಫೋಮಿನ ಬೀಸುಕಲ್ಲು. ಬೂದು ಬಣ್ಣ ಬಳಿದು, ಗೂಟ ಸಿಕ್ಕಿಸಿ, ಅಮೆರಿಕದ ರೆಸ್ಟನ್ನಿನ ಲೈಬ್ರರಿಯ ಕಾರ್ಪೆಟ್ಟಿನ ಮೇಲೆ ಇಟ್ಟಿದ್ದರು. ಸ್ವಲ್ಪ ಬಲ ಹಾಕಿದರೆ ಕಲ್ಲೇ ಎದ್ದು ಬರುತ್ತಿತ್ತು. ನಾವು ಆರು ಜನ, ಕೂಸು ನೋಡಿಕೊಳ್ಳುವವರು, ಅಡಿಗೆಯವರು, ಅದರ ಸುತ್ತ ಕೂತು ಪದ ಹೇಳಬೇಕು. ಹೇಳಿದರೆ ನಮ್ಮ ಒಂಟಿತನ ಹೋಗುತ್ತದೆ. ಕೋವಿಡ್ ಆದ ಮೇಲೆ ಕೌಂಟಿ ಸರ್ಕಾರಕ್ಕೆ ಜನರ ಒಂಟಿತನದ ಚಿಂತೆ ಹತ್ತಿ, ಕಲೆಯಿಂದ ನೆಮ್ಮದಿ ಕೊಡಿ ಎಂದು ಕನ್ನಡ ಬಳಗಕ್ಕೆ ಅನುದಾನ ಕೊಟ್ಟಿತ್ತು. ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ ಶೈಲಜಾ ಅವರು ಒಂಟಿಯಾದವರನ್ನು ಹುಡುಕಿದರು. ದೂರ ಹೋಗಬೇಕಾಗಲಿಲ್ಲ. ಸಿದ್ದೇಶ್ವರಿ ಅವರ ಮನೆಯಲ್ಲೇ ಕೆಲಸಕ್ಕಿದ್ದಳು.

ಶೈಲಜಾ ಅವರ ಅವಳಿ ಕೂಸುಗಳ ಕೋಣೆಯಲ್ಲೇ ಇವಳ ಹಾಸಿಗೆ. ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಭಾನುವಾರ ಮಾತ್ರ ನಿನ್ನದು ಎಂದು ಒಪ್ಪಿ ಕರೆತಂದಿದ್ದರು. ಆ ದಿನ ಬಸ್ಸು ಹಿಡಿದು ನನ್ನ ರೂಮಿಗೆ ಬಂದವಳೇ ಬಿದ್ದುಕೊಂಡರೆ ಸಂಜೆ ಐದರವರೆಗೆ ಹೆಣ. ನಾನು ಅಡಿಗೆ ಮಾಡಿ, ಅವಳ ಮೂಗಿನ ಹತ್ತಿರ ಒಮ್ಮೆ ಕೈಯಿಟ್ಟು ನೋಡಿ, ಒಬ್ಬಳೇ ಉಣ್ಣುತ್ತಿದ್ದೆ. ಹನ್ನೆರಡು ವಾರದಿಂದ ಅದೂ ನಿಂತಿದೆ. ಭಾನುವಾರ ಈಗ ನೆಮ್ಮದಿಯ ದಿನ.

ಅವತ್ತು ಕೌಂಟಿಯ ಅಧಿಕಾರಿ ನೋಡಲು ಬರುವವರಿದ್ದರು. ಅವರಿಗೆ ಮೆಚ್ಚುಗೆಯಾದರೆ ಕಾರ್ಯಕ್ರಮ ಇನ್ನೊಂದು ವರ್ಷ.

"ಇನ್ನೊಂದ್ ವರ್ಸ ಅಂತೆ ಕನಕ್ಕ," ಎಂದಳು ಸಿದ್ದೇಶ್ವರಿ ನನ್ನ ಕಿವಿಗೆ. "ನಿದ್ದೆಗೆಟ್ಟು ನಾನ್ ಸತ್ರೆ ಅದ್ಕೂ ಒಂದ್ ಪದ ಕಟ್ಟುಸ್ತಾಳೆ, ಹಾಳಾದ್ ಮುಂಡೆ."

"ಮೆತ್ತುಗ್ ಮಾತಾಡು. ನಿನ್ ವೀಸಾನ ಅವ್ಳ್ ಗಂಡನ್ ಕೆಲ್ಸಕ್ಕೆ ಗಂಟಾಕವ್ರೆ."

"ಗಂಟಾಕಿರದು ನನ್ ಕುತ್ಗೆಗೆ. ನಂಗೊತ್ತಿಲ್ವಾ."

ಶೈಲಜಾ ಹಾಳೆ ಹಂಚಿದರು. ಎರಡು ಸಾಲು ಮುಖಗಳು. ಅಳುವುದರಿಂದ ನಗುವುದರವರೆಗೆ, ಐದೈದು.

"ಮೇಲಿನ ಸಾಲು ಪ್ರೋಗ್ರಾಂಗೆ ಮುಂಚೆ. ಅಳೋ ಮುಖಕ್ಕೆ ಟಿಕ್ ಮಾಡಿ. ಕೆಳಗಿಂದು ಈಗ. ನಗೋದಕ್ಕೆ."

"ನಡುಕ್ಲುದ್ಕೆ ಹಾಕ್ಬೋದಾ ಅಮ್ಮಾರೆ?" ಎಂದಳು ಸಿದ್ದೇಶ್ವರಿ.

"ಅದ್ಯಾಕೆ? ಇಂಪ್ರೂವ್‌ಮೆಂಟ್ ಕಾಣ್ಬೇಕಲ್ವಾ. ತಲೆ ತಿನ್ಬೇಡ."

ಅಧಿಕಾರಿ ಬಂದರು. ನರೆತ ಕೂದಲಿನ ಹೆಂಗಸು. ಕುರ್ಚಿ ಬೇಡವೆಂದು ಮಂಡಿ ಹಿಡಿದುಕೊಂಡು ನಮ್ಮ ಜೊತೆ ನೆಲದ ಮೇಲೇ ಕೂತರು. ಪದ ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ಸಿದ್ದೇಶ್ವರಿಯ ಕಡೆ ತಿರುಗಿ, ಇದರಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳಿದರು. ಶೈಲಜಾ ಅದನ್ನು ಕನ್ನಡಕ್ಕೆ ತಂದರು.

"ಮನಿಕತಿದ್ದುದ್ ಒಂದ್ ದಿಸ. ಅದೂ ಹೋಯ್ತು ಅನ್ನಿ."

ಶೈಲಜಾ ಇಂಗ್ಲಿಷಿನಲ್ಲಿ ಹೇಳಿದರು: ಮೊದಲು ಭಾನುವಾರವೆಲ್ಲ ಮಲಗಿಯೇ ಕಳೆಯುತ್ತಿದ್ದಳು, ಈಗ ಹಾಗಿಲ್ಲವಂತೆ.

ಹತ್ತು ವರ್ಷ ಇಲ್ಲಿ ಅಡಿಗೆ ಮಾಡಿದವಳು ನಾನು, ಅಷ್ಟು ಇಂಗ್ಲಿಷು ತಿಳಿಯುತ್ತದೆ. ಅನುವಾದದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಅಧಿಕಾರಿ ಅದನ್ನು ಬರೆದುಕೊಂಡರು. ನಿಜವಾಗಿ ನೆಮ್ಮದಿ ಕೊಡುವಂಥದ್ದು ಯಾವುದು, ಮಾಡಿ ತೋರಿಸುತ್ತಾರೆಯೇ ಎಂದು ಕೇಳಿದರು.

"ನಿಂಗೆ ತುಂಬ ಖುಷಿ ಕೊಡೋದನ್ನ ಮಾಡಿ ತೋರಿಸ್ಬೇಕಂತೆ," ಎಂದರು ಶೈಲಜಾ. "ಎರಡನೇ ಪದ ಹೇಳು, ಅದು ಚೆನ್ನಾಗಿ ಬರತ್ತೆ."

ಸಿದ್ದೇಶ್ವರಿ ಬೀಸುಕಲ್ಲನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದಳು. ಬಳಗದವರು ಉಡಿಸಿದ್ದ ಸೀರೆಯ ಪಿನ್ನು ಕಿತ್ತು, ಸೆರಗು ಸುತ್ತಿ ತಲೆಯ ಕೆಳಗೆ ಇಟ್ಟುಕೊಂಡು, ಮಗ್ಗುಲಾದಳು.

"ಏನೇ ಇದು? ಏಳು."

"ಖುಸಿ ಕೊಡದ್ನ ಮಾಡು ಅಂದ್ರಲ್ಲ."

ಶೈಲಜಾ ಅಧಿಕಾರಿಯತ್ತ ನಕ್ಕರು. ಬೀಸಿ ದಣಿದ ಹೆಂಗಸು ಮಲಗುವುದೂ ಪ್ರದರ್ಶನದ ಭಾಗ ಎಂದರು. ಅಧಿಕಾರಿ ತಲೆಯಾಡಿಸಲಿಲ್ಲ. ನನ್ನ ಮುಖ ನೋಡಿದರು, ಹೌದೇ ಎನ್ನುವ ಹಾಗೆ.

ನನ್ನದು ಅಡಿಗೆಮನೆಯ ಇಂಗ್ಲಿಷು. ಅದರಲ್ಲೇ ಹೇಳಿದೆ: ಆಕ್ಟಿಂಗ್ ಅಲ್ಲ ಮೇಡಂ, ಅವಳ ರಜೆ ಇವತ್ತು, ಈ ಪ್ರೋಗ್ರಾಮು ತಿಂದುಹಾಕಿದ್ದು ಅದನ್ನೇ.

ಅಧಿಕಾರಿಯ ಪೆನ್ನು ಹಾಳೆಯ ಮೇಲೆ ನಿಂತಿತು. ಶೈಲಜಾ ನನ್ನ ಕಡೆ ನೋಡಲೇ ಇಲ್ಲ. ನಗುವನ್ನು ಹಾಗೇ ಇಟ್ಟುಕೊಂಡು ಬಗ್ಗಿ, ಸಿದ್ದೇಶ್ವರಿಯ ಭುಜ ಅಲುಗಿಸಿದರು.

"ಮನೆಗೆ ಬಾ, ಮಾತಾಡೋಣ. ಟಿಕೆಟ್ ಬುಕ್ ಮಾಡಿಸ್ತೀನಿ ನಿಂಗೆ, ಊರಿಗೆ. ಕೇಳಿಸ್ತಾ?"

ಕೇಳಿಸಿರಲಿಕ್ಕಿಲ್ಲ. ಅವಳ ಬಾಯಿ ಆಗಲೇ ನಿದ್ದೆಯಲ್ಲಿ ತೆರೆದುಕೊಂಡಿತ್ತು.