ಮೂರು ಮೇಣದಬತ್ತಿ

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಿಗೆ ಹೊಸ ಹೆಡ್‌ಮಿಸ್ ಶುರುಮಾಡಿದ ಶನಿವಾರದ ಸಭೆ ಹಿಡಿಸಿರಲಿಲ್ಲ. ಶಿಕ್ಷಕರೆಲ್ಲ ಮಕ್ಕಳ ನೋಟ್‌ಬುಕ್ ತಂದು ಮೇಜಿನ ಮೇಲಿಡಬೇಕು, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಬೇಕು. "ಈ ವಯಸ್ಸಲ್ಲಿ ನಮಗೂ ಹೋಂವರ್ಕ್" ಎಂದು ಅವರು ಸ್ಟಾಫ್‌ರೂಮಿನಲ್ಲಿ ಗೊಣಗಿದ್ದರು.

ಆ ಶನಿವಾರ ಅವರ ನೋಟ್‌ಬುಕ್ ಕಟ್ಟು ಗಣಿತದ ಟೀಚರ್ ಪಾಲಿಗೆ ಬಂತು. ಆಕೆ ಇದೇ ಶಾಲೆಯಲ್ಲಿ ಅವರ ಹತ್ತಿರವೇ ಓದಿದವಳು. ನಾಲ್ಕು ಪುಸ್ತಕ ತಿರುವಿ, "ಸರ್, ಎಲ್ಲಾದ್ರಲ್ಲೂ ಒಂದಕ್ಷರ ಆಚೀಚೆ ಇಲ್ಲ" ಅಂದಳು.

"ನಾನು ಬರೆಸಿದ ನೋಟ್ಸ್ ಅಲ್ವೇನಮ್ಮ" ಎಂದು ಮೇಷ್ಟ್ರು ಬೀಗಿದರು.

ಐದನೆಯ ಪುಸ್ತಕದಲ್ಲಿ ಆಕೆ ನಿಂತಳು. ನೀರಿನ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿಯ ಮೇಲೆ ಲೋಟ ಕವುಚಿದರೆ ಬತ್ತಿ ಆರಿ, ಒಳಗೆ ನೀರು ಏರುವುದೇಕೆ ಎಂಬ ಪ್ರಶ್ನೆ. ಮುಗಿದುಹೋದ ಆಮ್ಲಜನಕದ ಜಾಗಕ್ಕೆ ನೀರು ಬರುತ್ತದೆ ಎಂದು ಮೇಷ್ಟ್ರು ಬರೆಸಿದ್ದರು. ಈ ಹುಡುಗಿ ಕೆಳಗೆ ತನ್ನದನ್ನೂ ಸೇರಿಸಿದ್ದಳು. ಟೀಚರ್ ಗಟ್ಟಿಯಾಗಿ ಓದಿದಳು: "ಮನೆಯಲ್ಲಿ ಮೂರು ಬತ್ತಿ ಇಟ್ಟು ನೋಡಿದೆ. ನೀರು ಇನ್ನೂ ಮೇಲೆ ಬಂತು. ಲೋಟ ಅದೇ, ಆಮ್ಲಜನಕವೂ ಅಷ್ಟೇ. ಬಿಸಿಗೆ ಹಿಗ್ಗಿದ ಗಾಳಿ ತಣ್ಣಗಾಗಿ ಕುಗ್ಗುವುದು ಕಾರಣ ಇರಬಹುದೇ?"

ಅದರ ಮೇಲೆ ಕೆಂಪು ಗೀಟು, ಒಂದು ಸೊನ್ನೆ. ಪಕ್ಕದಲ್ಲಿ ಮೇಷ್ಟ್ರ ಅಕ್ಷರ: ಅಧಿಕಪ್ರಸಂಗ ಬೇಡ. ಬರೆಸಿದ್ದನ್ನು ಬರೆ. ಟೀಚರ್ ಅದನ್ನು ಓದದೆ ಮೆಲ್ಲಗೆ ಅಂಗೈಯಿಂದ ಮುಚ್ಚಿದಳು. ಹೆಡ್‌ಮಿಸ್ ಆಗಲೇ ನೋಡಿಯಾಗಿತ್ತು. ಬೈದಿದ್ದರೆ ವಾದಿಸಬಹುದಿತ್ತು, ಆ ಅಂಗೈಯ ಮುಂದೆ ಮೇಷ್ಟ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಹೆಂಡತಿ "ಯಾಕ್ರೀ, ಸಪ್ಪಗಿದೀರ?" ಎಂದಾಗ ತಲೆನೋವು ಅಂದುಬಿಟ್ಟರು.

ಸೋಮವಾರ ಇಡೀ ತರಗತಿಯ ಮುಂದೆ ಆ ಹುಡುಗಿಯನ್ನು ಕರೆದರು. "ತಪ್ಪು ನಂದಮ್ಮ. ನೀನು ಯೋಚಿಸಿದ್ದೇ ಸರಿ."

"ಪರವಾಗಿಲ್ಲ ಸರ್" ಎಂದು ಅವಳೇ ಸಮಾಧಾನ ಹೇಳಿದಳು. "ಆಮೇಲೆ ಪರೀಕ್ಷೇಲಿ ನೀವು ಬರೆಸಿದ್ದನ್ನೇ ಬರೆದೆ. ಪೂರ್ತಿ ಮಾರ್ಕ್ಸ್ ಬಂತು."

ಮೇಷ್ಟ್ರು ಮೂರು ಬತ್ತಿ, ತಟ್ಟೆ, ಲೋಟ ಅವಳ ಮುಂದಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತರು. ಅವಳು ಮಾಡಿ ತೋರಿಸಿದ್ದನ್ನು ಮಕ್ಕಳು ಮುಗಿಬಿದ್ದು ನೋಡಿದರು. ಆಮೇಲೆ ತಮ್ಮ ತಮ್ಮ ಜಾಗಕ್ಕೆ ಬಂದು ಪೆನ್ನು ತೆರೆದು ಅವರತ್ತ ತಿರುಗಿದರು.

"ಸರ್, ಈಗ ಏನಂತ ಬರ್ಕೊಳ್ಳೋದು?"

"ನೀವು ನೋಡಿದ್ದನ್ನ, ನಿಮಗನಿಸಿದ್ದನ್ನ ಬರೀರಿ."

ಬಹಳ ಹೊತ್ತು ಒಂದು ಪೆನ್ನೂ ಅಲುಗಲಿಲ್ಲ.

ಮುಂದಿನ ಶನಿವಾರ ಮೇಷ್ಟ್ರು ತಮ್ಮ ಕಟ್ಟನ್ನು ತಾವೇ ಮೊದಲು ಮೇಜಿನ ನಡುವೆ ಇಟ್ಟರು. "ಹನ್ನೊಂದು ಜನ ಹಾಳೆ ಖಾಲಿ ಬಿಟ್ಟಿದಾರೆ" ಅಂದರು, ತಲೆ ಎತ್ತದೆ. "ಮಕ್ಕಳು ತಾವಾಗೇ ಬರೆಯೋ ಹಾಗೆ ಮಾಡೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ಯಾರಾದ್ರೂ ಹೇಳಿಕೊಡಿ."

ಗಣಿತದ ಟೀಚರ್ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು, ಕಟ್ಟಿನಿಂದ ಒಂದು ಪುಸ್ತಕ ತೆಗೆದು ಖಾಲಿ ಹಾಳೆಯನ್ನು ತೆರೆದಳು.