ಕಲಸಿಟ್ಟ ಮಣ್ಣು

ಮಡಕೆ ಸುಡುವ ಆವಿಗೆಯ ಬಾಯಿಗೆ ಕಟ್ಟಿದ್ದ ಇಟ್ಟಿಗೆಗಳ ಸಂದಿಗೆ ಹಾರೆಯ ಮೊನೆ ಅರ್ಧ ಬೆರಳಿನಷ್ಟು ಇಳಿದಿತ್ತು. ಅಷ್ಟರಲ್ಲಿ ಸತ್ತವಳ ಮಗಳು ಓಡಿ ಬಂದು ಹಾರೆಯನ್ನು ಹಿಡಿದುಕೊಂಡಳು.

"ಏನ್ ಮಾವ ಇದು? ಅಲ್ಲಿ ಅಮ್ಮನ್ನ ಮಲಗಿಸಿದೀವಿ, ನೀನಿಲ್ಲಿ ಇಟ್ಟಿಗೆ ಕೀಳ್ತಾ ಇದೀಯಲ್ಲ!"

"ಅದಕ್ಕೇ ಕೀಳ್ತಾ ಇರೋದು," ಎಂದ ಸತ್ತವಳ ತಮ್ಮ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು. "ನಲವತ್ತು ವರ್ಷ ಇದರ ಹಿಂದೆ ಬಿದ್ದಿದ್ಲು ನಮ್ಮಕ್ಕ. ಮಣ್ಣಿಗೆ ಹೋಗೋ ಮುಂಚೆ ಒಂದ್ಸಲ ಅವಳ ಪಕ್ಕದಲ್ಲಿ ತಂದಿಡೋಣ. ಬಂದೋರೂ ನೋಡ್ಲಿ."

ಬೆಂಕಿ ಆರಿ ಎರಡೇ ದಿನವಾಗಿತ್ತು. ಆವಿಗೆ ತಣ್ಣಗಾಗಲು ಐದು ದಿನ ಬೇಕು. ಒಳಗೆ ಇದ್ದದ್ದು ಭುಜದೆತ್ತರದ ಒಂದು ಮಣ್ಣಿನ ಗುಡಾಣ, ಇಪ್ಪತ್ಮೂರನೆಯದು. ಹಿಂದಿನ ಇಪ್ಪತ್ತೆರಡೂ ಒಡೆದಿದ್ದವು. ಹೊಟ್ಟೆಪಾಡಿಗೆ ಹೂಕುಂಡ ಮಾಡಿ ಮಾರುತ್ತಿದ್ದ ಆಕೆಯನ್ನು ಬೀದಿಯವರು ಗುಡಾಣದಕ್ಕ ಎನ್ನುತ್ತಿದ್ದರು. ಮೊದಮೊದಲು ಅದು ಚುಡಾಯಿಸಲು ಇಟ್ಟ ಹೆಸರು. ಆಮೇಲೆ ಚುಡಾಯಿಸುವುದು ಮರೆತುಹೋಗಿ ಹೆಸರು ಮಾತ್ರ ಉಳಿಯಿತು.

ಅಂಗಳದ ಬೆಂಚಿನ ಮೇಲೆ ಕೂತಿದ್ದ ಬ್ರೆಡ್ ಅಂಗಡಿಯವಳು ಪಕ್ಕದವರಿಗೆ ಹೇಳುತ್ತಿದ್ದಳು: "ಆ ಇಪ್ಪತ್ತೆರಡರ ಚೂರೂ ನಮ್ಮ ಹಿತ್ತಿಲಲ್ಲೇ ಇದೆ ಕಣ್ರೀ. ಕೆಸರಿಗೆ ಹಾಸಿದೀವಿ. ಪುಣ್ಯಾತ್ಗಿತ್ತಿ ಸೋತಾಗೆಲ್ಲ ನಮ್ಮ ದಾರಿ ಒಂದು ಮೊಳ ಮುಂದಕ್ಕೆ ಹೋಗೋದು."

ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕಣ್ಣೊರೆಸಿಕೊಂಡರು.

ಮಗಳು ಹಾರೆಯನ್ನು ಬಿಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ನೋಡುವ ಆಸೆ ಅವಳಿಗೂ ಇತ್ತು.

*

ಅವಳಿಗೆ ಹನ್ನೆರಡು ವರ್ಷವಿದ್ದಾಗ ಹನ್ನೊಂದನೆಯ ಗುಡಾಣ ಒಡೆದಿತ್ತು. ಅಮ್ಮ ಸಂತೆಗೆ ಹೋಗಿದ್ದಾಗ ಇದೇ ಮಾವ, ತಡೆಯಲಾರದೆ, ಮೂರನೆಯ ದಿನವೇ ನಾಲ್ಕು ಇಟ್ಟಿಗೆ ತೆಗೆದು ಇಣುಕಿದ್ದ. ತಣ್ಣನೆಯ ಗಾಳಿ ಸೋಕಿ ಟಣ್ ಎಂದು ಒಂದೇ ಸದ್ದು. ಬಾಯಿಯಿಂದ ಬುಡದವರೆಗೆ ಸೀಳು.

ಸಂತೆಯಿಂದ ಬಂದ ಅಮ್ಮ ಬುಟ್ಟಿ ಇಳಿಸಿ, ತುಂಬ ಹೊತ್ತು ನೋಡಿದಳು. ತಲೆಯ ಮೇಲೆ ಕೈಹೊತ್ತು ಕೂತಿದ್ದ ತಮ್ಮನಿಗೆ, "ಅಳೋದಾದ್ರೆ ಈಚೆ ಬಂದು ಅಳು. ಚೂರು ಚುಚ್ಚುತ್ತೆ," ಎಂದಳು. ಅವತ್ತು ಅವಳು ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಬೆಳಿಗ್ಗೆ ಅಮ್ಮ ಎದ್ದು ಚಪ್ಪರದಡಿಗೆ ಹೋಗಿ ಒದ್ದೆ ಗೋಣಿ ಸರಿಸಿದರೆ, ಅಲ್ಲಿ ಹೊಸ ಮಣ್ಣು ಹದವಾಗಿ ಕಲಸಿಟ್ಟಿತ್ತು.

"ಒಡೆಯುತ್ತೆ ಅಂತ ಮೊದಲೇ ಗೊತ್ತಿತ್ತಾ ಅಮ್ಮ?"

"ಇಲ್ಲ ಕಣೆ. ಒಡೆಯಲ್ಲ ಅಂತಾನೇ ಇದ್ದೆ." ಅಮ್ಮ ರವಿಕೆಯ ತೋಳು ಮಡಚಿಕೊಂಡಳು. "ಆದ್ರೆ ಒಡೆದ ದಿನ ನನ್ನ ಕೈಯಲ್ಲಿ ಏನೂ ಆಗಲ್ಲ. ನಿನ್ನೆ ನೋಡಿದೆಯಲ್ಲ? ಅದಕ್ಕೆ ಕೈಲಾಗೋ ದಿನಾನೇ ಕಲಸಿಡೋದು. ಕೆಟ್ಟ ದಿನ ಬರಲಿ ಪಾಪ, ಬಂದು ಮಲಗಿ ಎದ್ದು ಹೋಗಲಿ. ಮಣ್ಣು ಕಾಯ್ತಾ ಇರುತ್ತೆ."

*

"ಇಟ್ಟಿಗೆ ಇನ್ನೂ ಸುಡ್ತಿದೆ," ಎಂದ ಮಾವ. "ಹಿಡಿಯೋಕೆ ಒಂದು ಗೋಣಿ ತಾರಮ್ಮ. ಅಕ್ಕನ್ನ ಎತ್ತೋ ಹೊತ್ತಾಯ್ತು."

ಮಗಳು ಚಪ್ಪರದಡಿಗೆ ಹೋದಳು. ಗೋಣಿ ಮೂಲೆಯಲ್ಲಿತ್ತು. ಎಳೆದಳು. ಎಳೆದವಳು ಹಾಗೇ ನಿಂತಳು.

ಅಡಿಯಲ್ಲಿ ಮಣ್ಣು ಇತ್ತು. ಹೂಕುಂಡದ ಅಳತೆಯಲ್ಲ, ಗುಡಾಣದ ಅಳತೆ. ಎಪ್ಪತ್ತಾರು ವರ್ಷದ, ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದ ಹೆಂಗಸು ಇಷ್ಟನ್ನು ಯಾವಾಗ ಕಲಸಿದಳು? ಬೆಂಕಿ ಆರಿದ ಎರಡು ದಿನಕ್ಕೆ ಕಲಸುವುದು ಅವಳ ರೂಢಿ. ಈ ಸಲ ಮುಂಚೆಯೇ ಮುಗಿಸಿದ್ದಳು. ನಿನ್ನೆ ಬೆಳಿಗ್ಗೆ ಆವಿಗೆಗೆ ಒರಗಿ ಕೂತಲ್ಲೇ ಉಸಿರು ನಿಂತಾಗ ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಮೈ ತೊಳೆಸುವಾಗ ಇವಳೇ ಕಡ್ಡಿಯಿಂದ ಅದನ್ನು ತೆಗೆದಿದ್ದಳು, ಹಳೆಯದಿರಬೇಕು ಅಂದುಕೊಂಡಿದ್ದಳು.

ಒಂದು ಅಂಚು ಒಣಗಿ ಬಿರುಕು ಬಿಡುತ್ತಿತ್ತು. ಅವಳು ಬಕೆಟ್ಟಿನಿಂದ ನೀರು ಮೊಗೆದು ಚಿಮುಕಿಸತೊಡಗಿದಳು.

"ಗೋಣಿ ಸಿಕ್ತಾ?" ಮಾವ ಒಳಗೆ ಬಂದ.

"ಸಿಕ್ತು. ಕೊಡೋಕಾಗಲ್ಲ ಮಾವ. ಇದಕ್ಕೆ ಬೇಕು."

ಅವನು ನೋಡಿದ. ಮಣ್ಣನ್ನು ನೋಡಿದ, ಅವಳನ್ನು ನೋಡಿದ. ಹಾರೆಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದ.

"ಆವಿಗೆಯಲ್ಲಿರೋದು ಒಡೆದ್ರೆ ನೀನು ಮಾಡ್ತೀಯಾ?"

"ಒಡೆಯದಿದ್ರೂ ಮಾಡ್ತೀನಿ."

ಹೊರಗಿನಿಂದ ಬ್ರೆಡ್ ಅಂಗಡಿಯವಳು ಕೂಗಿದಳು: "ಬರ್ರೋ, ಎಲ್ಲರೂ ಕಾಯ್ತಿದಾರೆ!"

ಮಾವ ಬಗ್ಗಿ ಹೊಸ ಮಣ್ಣಿನಿಂದ ಒಂದು ಚಿಟಿಕೆ ಕಿತ್ತುಕೊಂಡ. ಆವಿಗೆಯ ಬಳಿಗೆ ಹೋಗಿ, ತಾನು ಮಾಡಿದ್ದ ಸಂದಿಯೊಳಗೆ ತಣ್ಣನೆಯ ಗಾಳಿ ನುಗ್ಗದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮುಚ್ಚಿದ.

ಅಕ್ಕನಿಗೆ ಹೆಗಲು ಕೊಟ್ಟು ಅವನು ಬೀದಿಗೆ ಇಳಿದಾಗ ಆ ಬೆರಳಿನ ಮೇಲಿನ ಮಣ್ಣು ಇನ್ನೂ ಹಸಿಯಾಗಿಯೇ ಇತ್ತು.