ನೀರಿನಲ್ಲಿ ಅದ್ದಿದ ಪಾಟಾ

ಮತ್ತೆ ಅದೇ ಕಿರುಗುಟ್ಟುವ ಸದ್ದು, ಜಾಕು ಒಂದೊಂದೇ ಹಲ್ಲು ಏರುತ್ತಿದೆ, ಸರಕು ಮೋಟರಿನ ಮೂತಿ ಮೇಲೇಳುತ್ತಿದೆ, ಈ ಕೈಗಳಿಗೆ ನಾಚಿಕೆಯೆಂಬುದಿಲ್ಲ, ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತವೆ, ದಿಮ್ಮಿ ಕೊಡು, ಚಕ್ರ ಬಿಚ್ಚು, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಡು — ಎಣ್ಣೆ, ಹ್ಞಾ, ಈಗ ಬೇಕಾದಷ್ಟಿದೆ ಎಣ್ಣೆ. ಹೊಸ ಪಾಟಾಗಳೂ ಬಂದಿವೆ, ಮೋಟರಿನ ಭಾರ ಹೊರುವ ಕಮಾನುಪಟ್ಟಿಗಳು, ಮುಂದಿನ ಎರಡೂ ಬದಿಗೆ, ಹುಬ್ಬಳ್ಳಿಯಿಂದ, ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಮದುಮಕ್ಕಳ ಹಾಗೆ. ಮೂರು ತಿಂಗಳು ಬೇಡಿದರೂ ಸಿಗದ ಪಾಟಾ ಡ್ರೈವರ ಗೇಮಪ್ಪ ಸತ್ತ ಐದನೆಯ ದಿನಕ್ಕೆ ಸಿಕ್ಕಿತು ನೋಡು. ಆಗ ಏನಂದಿದ್ದರು ಮೋಟರಿನ ಧಣಿ, ಸಾವಕಾರ ಕರಿಬಸಪ್ಪನವರು, ಯುದ್ಧ ನಡದೈತೋ ಉಳವಪ್ಪ, ಎಲ್ಲಿಂದ ತರಲಿ, ನೀ ಕಮ್ಮಾರ ಹೌದಲ್ಲೋ, ಕುಲುಮ್ಯಾಗ ಒಂದ್ ಪಾಟಾ ಬಡದು ಹಾಕು. ಹಳೆಯವು ಸವೆದು ಕಮಾನು ಕಳೆದುಕೊಂಡು ಚಪ್ಪಟೆಯಾಗಿದ್ದವು, ಬಲಗಡೆಯ ದೊಡ್ಡ ಪಟ್ಟಿಯಲ್ಲಿ ಬಿರುಕು ಬೇರೆ, ಆಗೂದಿಲ್ಲರೀ ಅನ್ನಬೇಕಿತ್ತು ನಾನು, ಅನ್ನಲಿಲ್ಲ, ಉಬ್ಬಿಹೋದೆ, ಆ ಹಳೆಯದನ್ನೇ ಕಾಯಿಸಿ ಬಡಿದೆ. ಗೇಮಪ್ಪ ಇದೇ ಕಂಬಕ್ಕೆ ಒರಗಿ ನಿಂತಿದ್ದ, ಅಣ್ಣಾ, ಪಾಟಾ ನೀರಾಗ ಅದ್ದಬಾರದಂತ, ಎಣ್ಣ್ಯಾಗ ಆರಿಸಬೇಕಂತ, ನೀರಿಗೆ ಹಾಕಿದರ ಗಾಜಿನಂಗ ಆಗತೈತಂತ, ಹುಬ್ಬಳ್ಳಿ ಮಿಸ್ತ್ರಿ ಹೇಳ್ತಿದ್ದ. ಸುತ್ತ ನಾಲ್ಕು ಜನ ಇದ್ದರಲ್ಲ, ಅದೇ ಕೆಟ್ಟದ್ದು, ಯಾರೋ ಕಿಸಕ್ಕನೆ ನಕ್ಕರು, ನನ್ನ ನೆತ್ತಿಗೇರಿತು, ಎಲ ಎಲಾ, ತಾಂಡಾದಿಂದ ಬಂದು ನನಗ ಹದ ಕಲಿಸ್ತೀಯೇನೋ, ನಮ್ಮಪ್ಪ ಹತ್ತೂರಿಗೆ ಕೊಡಲಿ ಮಾಡಿಕೊಟ್ಟಾನ, ನೀರಾಗ ಅದ್ದೇ ಕೊಟ್ಟಾನ — ಕೆಂಪಗೆ ಕಾದ ಪಾಟಾವನ್ನು ಇಡಿಯಾಗಿ ನೀರಿನ ಬಾನಿಗೆ ನೂಕಿದೆ, ಚೊಂಯ್ ಅಂತು, ಭಲೇ ಅಂದರು ಎಲ್ಲರೂ. ಗೇಮಪ್ಪನೂ ನಕ್ಕ, ಆತು ಬಿಡಣ್ಣಾ, ನೀ ಅಂದ್ರ ಆತು. ಹಾಗೆ ನಗುವವನನ್ನು ಏನು ಮಾಡಬೇಕು ಹೇಳು.

ಎಂಟು ದಿನ ತಡೆಯಿತು. ಕುಳಗಿಯ ಇಳಿಜಾರಿನಲ್ಲಿ, ತೊಟ್ಟಿ ತುಂಬ ಬಿದಿರು ಹೇರಿಕೊಂಡು ಬರುವಾಗ ಪಾಟಾ ತುಂಡಾಯಿತು, ಚಕ್ರ ಒಂದು ಕಡೆ ಸೊಟ್ಟಾಗಿ ಮೋಟರು ಗೇಮಪ್ಪನ ಸಮೇತ ಹಳ್ಳಕ್ಕೆ ಮಗುಚಿತು, ಸಂಜೆಯೊಳಗೆ ಹಳಿಯಾಳದ ಬಾಯಲ್ಲೆಲ್ಲ ಒಂದೇ ಮಾತು, ಕುಡದಿದ್ನಂತ. ಮೊದಲು ಅಂದವರು ಸಾವಕಾರರು, ಆಮೇಲೆ ಚಹಾದಂಗಡಿ, ತಾಂಡಾದವನೆಂದ ಮೇಲೆ ಸಾಕ್ಷಿ ಯಾಕೆ ಬೇಕು ಇವರಿಗೆ, ಕುಡಿದಿರಲೇಬೇಕು. ನನಗೆ ಗೊತ್ತಿತ್ತು. ಅಂದು ಬೆಳಿಗ್ಗೆ ಹೊರಡುವಾಗ ನನ್ನ ಮುಖದ ಮುಂದೆಯೇ ನಿಂತು ಮಾತಾಡಿದ್ದ, ಬಾಯಿಂದ ಬಂದದ್ದು ಬರೀ ಎಲೆಯಡಿಕೆಯ ವಾಸನೆ, ಐದು ವರ್ಷದ ಹಿಂದೆ ದೇವರ ಮುಂದೆ ಆಣೆಯಿಟ್ಟು ಕುಡಿತ ಬಿಟ್ಟವನು, ಅದೂ ಗೊತ್ತಿತ್ತು, ಆದರೂ ಯಾರೋ ಕೇಳಿದಾಗ ಏನಂದೆ, ಯಾರಿಗ್ಗೊತ್ತಪಾ ಅಂದೆ. ಥೂ ನನ್ನ ಜನ್ಮಕ್ಕೆ. ಬಾಗಿಲಲ್ಲಿ ನೆರಳು ಬಿತ್ತು, ಬಳೆಗಳ ಸದ್ದಿಲ್ಲ, ಲಾಲಿಬಾಯಿ, ಅವನ ಹೆಂಡತಿ, ಬರಿಗೈ ಎಷ್ಟು ಉದ್ದ ಕಾಣುತ್ತದೆ, ಬಾ ತಂಗಿ ಅಂತೀನಿ, ಬೋಲ್ಟು ಬಿಚ್ಚುವ ಪಾನಾ ಕೆಳಗಿಡುವುದಿಲ್ಲ. ಅಣ್ಣಾ, ನಾಳೆ ತಾಂಡಾದ ನಾಯಕರ ಮುಂದ ಎಲ್ಲಾರೂ ಕೂಡ್ತಾರ, ಆಣೆ ಮುರದು ಸತ್ತ ಅಂತ ತೀರ್ಮಾನ ಆದ್ರ ಅವನ ದಿನಕ್ಕ ಯಾರೂ ಬಂದು ಉಣ್ಣೂದಿಲ್ಲ, ನೀ ಒಂದು ಮಾತು ಹೇಳ, ಅವತ್ತ ಮುಂಜಾನೆ ನೋಡೀದಿ ನೀ, ನಿನ್ನ ಮಾತ ಕೇಳ್ತಾರ. ಹೇಳಬಹುದು. ಕುಡದಿದ್ದಿಲ್ಲ ಅಂದರೆ ಮರುಪ್ರಶ್ನೆ ಬಂದೇ ಬರುತ್ತದೆ, ಮತ್ತ್ಯಾಕ ಬಿತ್ತು ಮೋಟರು, ಆಗ ನಾಲ್ಕು ಜನರಿಗೂ ಬಾನಿ ನೆನಪಾಗುತ್ತದೆ. ನೋಡೂಣು ತಂಗಿ, ಈ ಕೆಲಸ ಮುಗೀಲಿ. ಅವಳು ಹೋಗುವುದಿಲ್ಲ, ಮಡಿಲಿನಿಂದ ಬಟ್ಟೆಯ ಗಂಟು ತೆಗೆಯುತ್ತಾಳೆ, ಬಿಚ್ಚುತ್ತಾಳೆ, ಮೊಳದುದ್ದದ ಕಬ್ಬಿಣ, ಅವ ಬಿದ್ದಲ್ಲೇ ಸಿಕ್ತಣ್ಣಾ, ತುಕ್ಕ ಹಿಡೀಬಾರದಂತ ಎಣ್ಣಿ ಸವರಿ ಇಟ್ಟೀನಿ, ಪಾಟಾದ ಕಬ್ಬಿಣ ಚೊಲೋ ಇರತೈತಿ ಅಂತಿದ್ದ ಅವ, ನನಗೊಂದು ಕುಡಗೋಲು ಮಾಡಿಕೊಡ, ನಾಳಿಂದ ಕೂಲಿಗೆ ಹೋಗಬೇಕಲ್ಲ, ಉಳವಪ್ಪಣ್ಣನ ಕೈಯಾಗ ಮಾಡಿದ್ದು ಮುರಿಯೂದಿಲ್ಲ ಅಂತಿದ್ದ. ಮುರಿದ ಬಾಯಿ ನನ್ನ ಕಡೆಗಿದೆ, ಹಳೆ ಬಿರುಕಿನಿಂದ ಮುರಿದಿದ್ದರೆ ಕಪ್ಪಾಗಿರುತ್ತಿತ್ತು, ದೇವರೇ ಒಂದಿಷ್ಟಾದರೂ ಕಪ್ಪಿರಲಿ, ಇಲ್ಲ, ಅಂಚಿನಿಂದ ಅಂಚಿಗೆ ಬಿಳಿ ಹರಳು, ಸಕ್ಕರೆಯ ಹಾಗೆ, ನೀರಿಗೆ ಬಿದ್ದು ಗಾಜಾದ ಕಬ್ಬಿಣ, ಕಮ್ಮಾರರ ಮನೆಯ ಕೂಸಿಗೂ ಓದಲು ಬರುತ್ತದೆ ಅದು, ಅವಳಿಗೆ ಮಾತ್ರ ಬರುವುದಿಲ್ಲ, ಎಣ್ಣೆ ಸವರಿ ಜೋಪಾನ ಮಾಡಿದ್ದಾಳೆ, ಹೇಳೋ, ಬಾಯಿ ಬಿಡೋ, ಈಗಲಾದರೂ, ಬಾಯಿ ಬಿಟ್ಟೆ, ಬುಧವಾರ ಬಾ ತಂಗಿ, ಮಾಡಿ ಇಟ್ಟಿರ್ತೇನಿ. ಕೈ ಮುಗಿದು ಹೋದಳು. ಅವಳ ಮುಗಿದ ಕೈ, ನನ್ನ ಅಂಗೈಯಲ್ಲಿ ಈ ತುಂಡು, ಬೆಳ್ಳಗೆ, ಹರಳು ಹರಳಾಗಿ, ತಿರುಗಿಸಿ ಇಟ್ಟರೂ ಬೆಳ್ಳಗೆ, ಕಣ್ಣು ಮುಚ್ಚಿದರೂ ಬೆಳ್ಳಗೆ —